ಮಕ್ಕಳ ಕನ್ನಡ ಪುಸ್ತಕ ಆರಿಸೋಕೆ ಹಿಂಬದಿಯ ಓದುವ ಮಟ್ಟದ ಸಂಖ್ಯೆ ಎಷ್ಟು ನೆರವಾಗುತ್ತೆ? ಪ್ರಥಮ್ ಬುಕ್ಸ್, ಸ್ಟೋರಿವೀವರ್ ಜೊತೆ ಒಂದು ವರ್ಷ

ನಮ್ಮ ಮನೆಯಲ್ಲಿ ಓದುವ ಮಕ್ಕಳು ಮೂವರು. ಮಗಳಿಗೆ ಒಂಬತ್ತು ವರ್ಷ, ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮ. ಮಗನಿಗೆ ಐದು. ರಜೆ ಬಂತೆಂದರೆ ನಾದಿನಿಯ ಮಗಳು ಬರುತ್ತಾಳೆ, ಅವಳಿಗೆ ಏಳು, ಶಿರಸಿ ಹತ್ತಿರ ಕನ್ನಡ ಶಾಲೆಗೆ ಹೋಗುತ್ತಾಳೆ. ಏಳರ ಹುಡುಗಿ ಬಸ್ಸಿನ ಬೋರ್ಡು, ಪೇಪರಿನ ತಲೆಬರಹ, ಬಿಸ್ಕೆಟ್ ಪ್ಯಾಕೆಟ್ಟಿನ ಹಿಂಬದಿ ಎಲ್ಲ ಓದಿ ಹಾಕುತ್ತಾಳೆ. ಒಂಬತ್ತರ ನನ್ನ ಮಗಳು ‘ಸೂರ್ಯ’ ಅನ್ನುವ ಪದ ಬಂದರೆ ನಿಂತುಬಿಡುತ್ತಿದ್ದಳು.

ಹೋದ ವರ್ಷ ಒಂದು ದೊಡ್ಡ ಅಂಗಡಿಗೆ ಹೋಗಿ ‘7 ರಿಂದ 9 ವರ್ಷ’ ಅಂತ ಚೀಟಿ ಅಂಟಿಸಿದ್ದ ಕನ್ನಡ ಪುಸ್ತಕಗಳ ಒಂದು ಕಟ್ಟು ತಂದೆ. ಹೊಳೆಯುವ ಕಾಗದ, ದಪ್ಪ ರಟ್ಟು, ನೋಡೋಕೆ ಚೆನ್ನಾಗಿತ್ತು. ಮಗಳು ಎರಡು ಪುಟ ತಿರುಗಿಸಿದಳು, ಮುಚ್ಚಿಟ್ಟಳು. ಆಮೇಲೆ ಅಂದಳು, ‘ಅಮ್ಮ, ನಂಗೆ ಕನ್ನಡ ಬರಲ್ಲ.’ ದಿನವಿಡೀ ನನ್ನ ಜೊತೆ ಕನ್ನಡದಲ್ಲೇ ಜಗಳ ಆಡುವ, ಅಜ್ಜಿ ಹೇಳುವ ಒಗಟಿಗೆ ತಿರುಗಿ ಒಗಟು ಹಾಕುವ ಹುಡುಗಿ ಹಾಗೆ ಅಂದಿದ್ದು ನನಗೆ ತುಂಬ ಬೇಜಾರಾಯಿತು. ಕನ್ನಡ ಬರಲ್ಲ ಅನ್ನೋದು ಸುಳ್ಳು. ಅವಳ ಕಿವಿಗೆ ಒಂಬತ್ತು ವರ್ಷ, ಕನ್ನಡ ಓದುವ ಕಣ್ಣಿಗೆ ಆರು ವರ್ಷ, ಅಷ್ಟೇ. ಆ ಚೀಟಿ ಬರೆದವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ಅದಾದ ಮೇಲೆ ವಯಸ್ಸು ನೋಡಿ ಪುಸ್ತಕ ಕೊಳ್ಳುವುದು ಬಿಟ್ಟೆ. ಪಕ್ಕದ ಮನೆಯಲ್ಲಿ ಸರ್ಕಾರಿ ಶಾಲೆಯ ಟೀಚರ್ ಒಬ್ಬರಿದ್ದಾರೆ. ಅವರು ಪ್ರಥಮ್ ಬುಕ್ಸ್ ಪುಸ್ತಕಗಳ ಹಿಂಬದಿ ತೋರಿಸಿ, ‘ಇಲ್ಲಿ ಮಟ್ಟ ಅಂತ ಇರುತ್ತೆ, 1 ರಿಂದ 4, ಅದನ್ನ ನೋಡಿ’ ಅಂದರು. ಒಂದು ವರ್ಷದಿಂದ ಆ ಸಂಖ್ಯೆ ಹಿಡಿದುಕೊಂಡೇ ಮನೆಯಲ್ಲಿ ಓದಿಸುತ್ತಿದ್ದೇನೆ. ಕೆಲವು ಕಡೆ ಅದು ತುಂಬ ಸಹಾಯ ಮಾಡಿತು, ಕೆಲವು ಕಡೆ ನಾವೇ ನಮ್ಮ ಬುದ್ಧಿ ಓಡಿಸಬೇಕಾಯಿತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಪ್ರಥಮ್ ಬುಕ್ಸ್ ನಮ್ಮ ಬೆಂಗಳೂರಿನದ್ದೇ ಸಂಸ್ಥೆ, 2004ರಲ್ಲಿ ಶುರುವಾಯಿತು, ಲಾಭಕ್ಕಾಗಿ ನಡೆಯುವುದಲ್ಲ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಕ್ಕಳ ಪುಸ್ತಕ ತರುತ್ತಾರೆ. ತೆಳ್ಳಗಿನ ಪುಸ್ತಕಗಳು, ಬೆಲೆ ಕೈಗೆಟುಕುವಂಥದ್ದು. 2015ರಲ್ಲಿ ಸ್ಟೋರಿವೀವರ್ ಅನ್ನುವ ಡಿಜಿಟಲ್ ಕಥಾಕಣಜ ಶುರು ಮಾಡಿದರು. ಅಲ್ಲಿ ಪುಸ್ತಕಗಳು ಪೂರ್ತಿ ಉಚಿತ. ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿ ಇರುವುದರಿಂದ ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಬಹುದು, ಅನುವಾದವನ್ನೂ ಮಾಡಬಹುದು.

ಮಟ್ಟಗಳ ಲೆಕ್ಕ ಹೀಗಿದೆ. 1ನೇ ಮಟ್ಟದಲ್ಲಿ ಸುಲಭದ ಪದಗಳು, ಬಂದ ಪದವೇ ಮತ್ತೆ ಮತ್ತೆ ಬರುತ್ತೆ, ಒಟ್ಟು ಕತೆ 250 ಪದದ ಒಳಗೆ. 2ನೆಯದರಲ್ಲಿ 600 ಪದದವರೆಗೆ, ಸರಳ ವಿಷಯ. 3ನೆಯದಕ್ಕೆ ಬಂದರೆ ವಾಕ್ಯಗಳು ಉದ್ದವಾಗುತ್ತವೆ, 1500 ಪದದವರೆಗೆ ಹೋಗುತ್ತೆ, ಮಗು ತಾನೇ ಕೂತು ಓದಬಲ್ಲದು ಅನ್ನುವ ಹಂತ. 4 ಅಂದರೆ 1500ಕ್ಕಿಂತ ಜಾಸ್ತಿ, ಕತೆಯ ಒಳಗೆ ಒಂದಿಷ್ಟು ತಿರುವು, ಹೇಳದೆ ಬಿಟ್ಟ ಮಾತು ಇರುವಂಥದ್ದು. ಇದರಲ್ಲಿ ಎಲ್ಲೂ ವಯಸ್ಸು ಮುಖ್ಯವಲ್ಲ. ಇದೇ ನನಗೆ ಇಷ್ಟವಾದ ಮೊದಲನೇ ವಿಷಯ. ಒಂಬತ್ತರ ಮಗುವಿನ ಕೈಗೆ 1ನೇ ಮಟ್ಟದ ಪುಸ್ತಕ ಕೊಟ್ಟರೆ ಅಲ್ಲಿ ‘4 ವರ್ಷದವರಿಗೆ’ ಅಂತ ಬರೆದು ಅವಮಾನ ಮಾಡುವುದಿಲ್ಲ.

ಮಗನಿಗೆ ಇದು ಸಲೀಸಾಗಿ ಕೆಲಸ ಮಾಡಿತು. ಅವನಿಗೆ ಅಕ್ಷರ ಈಗ ತಾನೆ ಕೂಡುತ್ತಿವೆ. 1ನೇ ಮಟ್ಟದ ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದೋ ಎರಡೋ ಸಾಲು, ಉಳಿದದ್ದೆಲ್ಲ ಚಿತ್ರ. ಮೂರನೇ ಸಲ ಓದುವ ಹೊತ್ತಿಗೆ ಅವನಿಗೆ ಬಾಯಿಪಾಠ ಆಗಿರುತ್ತೆ. ಬಾಯಿಪಾಠದಲ್ಲಿ ಹೇಳುತ್ತಾ ಹೇಳುತ್ತಾ ಬೆರಳು ಸಾಲಿನ ಮೇಲೆ ಓಡಿಸುತ್ತಾನೆ. ಕೆಲವರು ಅದನ್ನು ‘ಅದು ಓದಲ್ಲ, ಗಿಳಿಪಾಠ’ ಅನ್ನುತ್ತಾರೆ. ನಾನು ಒಪ್ಪಲ್ಲ. ಒಂದು ದಿನ ಬೆರಳು ‘ಆನೆ’ ಮೇಲೆ ಇದ್ದಾಗ ಬಾಯಿ ‘ಮನೆ’ ಅಂದಿತು, ಅವನೇ ನಿಂತ, ನೋಡಿದ, ‘ಅಲ್ಲ, ಇದು ಆ’ ಅಂದ. ಅವತ್ತು ನನಗೆ ಆದ ಖುಷಿ ಹೇಳೋಕೆ ಆಗಲ್ಲ. ಅವನ ಕೈಯಲ್ಲಿ ಇನ್ನೊಂದು ಬಗೆಯ ಪುಸ್ತಕವನ್ನೂ ಇಡಿ ಅಂತ ಹೇಳುತ್ತೇನೆ, ಮಾತೇ ಇಲ್ಲದ ಬರಿ ಚಿತ್ರದ ಪುಸ್ತಕ. ‘ಇದರಲ್ಲಿ ಓದೋಕೆ ಏನಿದೆ, ದುಡ್ಡು ದಂಡ’ ಅಂತ ನಮ್ಮತ್ತೆ ಅಂದರು. ಆದರೆ ಆ ಪುಸ್ತಕ ಹಿಡಿದು ಮಗ ದಿನಕ್ಕೊಂದು ಕತೆ ಕಟ್ಟಿ ಅವರಿಗೇ ಹೇಳಿದ ಮೇಲೆ ಅವರೇ ಹುಡುಕಿ ತೆಗೆದು ಕೊಡುತ್ತಾರೆ.

ಈಗ ಮಗಳ ವಿಷಯಕ್ಕೆ ಬರೋಣ, ಇಲ್ಲಿಯೇ ಕಷ್ಟ ಇರುವುದು.

ಪದ ಎಣಿಸಿ ಮಟ್ಟ ಹೇಳುವುದು ಕನ್ನಡಕ್ಕೆ ಪೂರ್ತಿ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಏಳೆಂಟು ಪದ ಹಿಡಿಯುವ ಮಾತು ನಮ್ಮಲ್ಲಿ ‘ಅವನಿಗೆ ಶಾಲೆಗೆ ಹೋಗಲಾಗಲಿಲ್ಲ’ ಅಂತ ಮೂರೇ ಪದಕ್ಕೆ ಮುಗಿಯುತ್ತೆ. ಲೆಕ್ಕಕ್ಕೆ ಮೂರು, ಆದರೆ ಆ ಕೊನೆಯ ಪದದಲ್ಲಿ ಮಗು ಆರು ಅಕ್ಷರ ದಾಟಬೇಕು. ಹಾಗಾಗಿ ಎರಡೂ ಪುಸ್ತಕ 2ನೇ ಮಟ್ಟ ಅಂತಿದ್ದರೂ ಒಂದು ಜಾರುಬಂಡೆ ಥರ ಹೋಗುತ್ತೆ, ಇನ್ನೊಂದು ಕಲ್ಲುಮುಳ್ಳಿನ ದಾರಿ ಆಗುತ್ತೆ.

ಇನ್ನು ಒತ್ತಕ್ಷರ. ಕನ್ನಡ ಓದಲು ಕಲಿಯುವ ಮಗುವಿಗೆ ನಿಜವಾದ ಮೆಟ್ಟಿಲುಗಳು ಇವೇ ಅಂತ ನನಗೆ ಈ ವರ್ಷ ಗೊತ್ತಾಯಿತು. ಮರ, ಮನೆ, ಕಾಗೆ, ಹಾಲು, ಇವು ಮೊದಲನೇ ಮೆಟ್ಟಿಲು. ಅಮ್ಮ, ಅಜ್ಜಿ, ಹಕ್ಕಿ, ಮೊಟ್ಟೆ, ಇಲ್ಲಿ ಅಕ್ಷರಕ್ಕೆ ಅದೇ ಅಕ್ಷರದ ಒತ್ತು, ಸ್ವಲ್ಪ ಅಭ್ಯಾಸವಾದರೆ ಬಂದುಬಿಡುತ್ತೆ, ಯಾಕಂದರೆ ದಿನಾ ಬಾಯಲ್ಲಿ ಇರುವ ಮಾತುಗಳು. ಪುಸ್ತಕ, ಚಂದ್ರ, ಸ್ನೇಹ ಅನ್ನುವಾಗ ಬೇರೆ ಅಕ್ಷರದ ಒತ್ತು, ಇಲ್ಲಿ ಮಕ್ಕಳು ಎಡವುತ್ತಾರೆ. ಎಲ್ಲಕ್ಕಿಂತ ಮೇಲೆ ಅರ್ಕಾವೊತ್ತು. ‘ಸೂರ್ಯ’ ಅನ್ನುವಾಗ ಬಾಯಲ್ಲಿ ರ್ ಮೊದಲು ಬರುತ್ತೆ, ಕಾಗದದ ಮೇಲೆ ಮಾತ್ರ ಅದು ಯ ಆದಮೇಲೆ ಕೂತಿರುತ್ತೆ. ಎಡದಿಂದ ಬಲಕ್ಕೆ ಓದು ಅಂತ ಹೇಳಿಕೊಟ್ಟ ಮಗುವಿಗೆ ಅಲ್ಲಿ ಬಲದಿಂದ ಎಡಕ್ಕೆ ಹೋಗು ಅಂದರೆ ಗೊಂದಲ ಆಗದೆ ಇನ್ನೇನು? ನನ್ನ ಮಗಳು ‘ಸೂರ್ಯ’ದ ಹತ್ತಿರ ನಿಲ್ಲುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು. ಅಲ್ಲಿವರೆಗೂ ಸುಮ್ನೆ ಅವಳಿಗೆ ಬೈದುಬಿಟ್ಟಿದ್ದೆ.

ಹಾಗಾಗಿ ಈಗ ಪುಸ್ತಕ ಆರಿಸುವಾಗ ಹಿಂಬದಿಯ ಸಂಖ್ಯೆ ಮೊದಲು ನೋಡುತ್ತೇನೆ, ಆಮೇಲೆ ನಡುವಿನ ಒಂದು ಪುಟ ತೆರೆದು ಬೇರೆ ಅಕ್ಷರದ ಒತ್ತು ಎಷ್ಟಿವೆ, ತುಂಬ ಉದ್ದದ ಪದ ಎಷ್ಟಿವೆ ಅಂತ ಕಣ್ಣಾಡಿಸುತ್ತೇನೆ. ಮಗು ಜೊತೆಗಿದ್ದರೆ ಆ ಪುಟ ಅವಳಿಂದಲೇ ಓದಿಸುತ್ತೇನೆ. ಐದು ಬೆರಳಿನ ಲೆಕ್ಕ ಅಂತ ಒಂದಿದೆ, ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚು, ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ನಾನು ಕನ್ನಡಕ್ಕೆ ಅದನ್ನ ಸ್ವಲ್ಪ ಬದಲಿಸಿದ್ದೇನೆ. ಅರ್ಥ ಗೊತ್ತಿಲ್ಲದ ಪದಕ್ಕೆ ಬೆರಳು ಮಡಚಲ್ಲ, ಓದೋಕೆ ಆಗದೆ ನಿಂತ ಪದಕ್ಕೆ ಮಾತ್ರ ಮಡಚುತ್ತೇವೆ. ಅರ್ಥ ಕೇಳಿದರೆ ಹೇಳಬಹುದು. ಆದರೆ ಪುಟಕ್ಕೆ ಐದು ಸಲ ನಿಂತರೆ ಕತೆಯ ದಾರವೇ ತಪ್ಪಿ ಹೋಗುತ್ತೆ.

ಹೀಗೆ ನೋಡಿದಾಗ ಮಗಳು 1ನೇ ಮಟ್ಟದಿಂದ ಶುರು ಮಾಡಬೇಕು ಅಂತ ಆಯಿತು. ಇಲ್ಲಿ ಇನ್ನೊಂದು ತೊಂದರೆ. ಆ ಮಟ್ಟದ ಕತೆಗಳಲ್ಲಿ ಬಹಳಷ್ಟು ನಾಯಿಮರಿ, ಬಲೂನು, ಹಲ್ಲುಜ್ಜೋದು ಇಂಥವೇ. ಐದರ ತಮ್ಮನಿಗೆ ಬಲು ಇಷ್ಟ. ಒಂಬತ್ತರ ಹುಡುಗಿಗೆ ‘ಇದು ಪಾಪುಗಳ ಪುಸ್ತಕ’ ಅನಿಸಿಬಿಡುತ್ತೆ. ಓದುವ ಮಟ್ಟ ಬೇರೆ, ಮನಸ್ಸು ಬೆಳೆದಿರುವ ಮಟ್ಟ ಬೇರೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ, ಹೊರದೇಶದಲ್ಲಿರುವ ಕನ್ನಡದ ಮನೆಗಳಲ್ಲಂತೂ ಇನ್ನೂ ಜಾಸ್ತಿ, ಇದೇ ಕತೆ ಅಲ್ವಾ? ನನ್ನ ಅಣ್ಣನ ಮಗ ಹೊರದೇಶದಲ್ಲಿ ಬೆಳೆಯುತ್ತಿದ್ದಾನೆ, ಹನ್ನೊಂದು ವರ್ಷ, ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾನೆ, ಅವನಿಗೂ ಇದೇ ಸಮಸ್ಯೆ.

ನಮಗೆ ದಾರಿ ಸಿಕ್ಕಿದ್ದು ವಿಜ್ಞಾನದ ಪುಸ್ತಕಗಳಲ್ಲಿ. ಸ್ಟೋರಿವೀವರ್‌ನಲ್ಲಿ ವಿಜ್ಞಾನ, ಗಣಿತ, ಪ್ರಾಣಿ ಪಕ್ಷಿ, ಯಂತ್ರ, ನಮ್ಮ ಮೈಯೊಳಗೆ ಏನು ನಡೆಯುತ್ತೆ ಅನ್ನುವಂಥ ವಿಷಯಗಳ ಮೇಲೆ 1, 2ನೇ ಮಟ್ಟದಲ್ಲೇ ಪುಸ್ತಕಗಳಿವೆ. ಭಾಷೆ ಸುಲಭ, ವಿಷಯ ಗಟ್ಟಿ. ಇರುವೆ ಸಾಲಾಗಿ ಹೇಗೆ ಹೋಗುತ್ತೆ ಅನ್ನೋದನ್ನು ಓದುವಾಗ ಯಾರೂ ‘ಇದು ಪಾಪುಗಳದ್ದು’ ಅನ್ನಲ್ಲ. ಮಗಳು ಮೊದಲ ಸಲ ತಾನಾಗಿ ಪೂರ್ತಿ ಓದಿ ಮುಗಿಸಿದ ಕನ್ನಡ ಪುಸ್ತಕ ಇಂಥದ್ದೇ. ಆಮೇಲೆ ಚಿತ್ರಕತೆಗಳು. ಮಾತಿನ ಗುಳ್ಳೆಯಲ್ಲಿ ನಾಲ್ಕೈದೇ ಪದ, ಆದರೆ ಕತೆಯಲ್ಲಿ ಯುದ್ಧ, ಮೋಸ, ಜಾಣತನ ಎಲ್ಲ ಇರುತ್ತೆ. ಇದನ್ನ ‘ಬರೀ ಕಾಮಿಕ್ಸ್’ ಅಂತ ತಳ್ಳಿಹಾಕುವ ಅಪ್ಪ ಅಮ್ಮಂದಿರು ಒಂದು ಸಲ ಕೊಟ್ಟು ನೋಡಿ. ಮೂರನೆಯದು ಎರಡು ಭಾಷೆಯ ಪುಸ್ತಕ. ಚೆನ್ನೈನ ತೂಲಿಕಾ ಪ್ರಕಾಶನದವರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಇರುವಂತೆ ತರುತ್ತಾರೆ. ಕೆಲವರು ‘ಇಂಗ್ಲಿಷ್ ಇದ್ದರೆ ಕನ್ನಡ ಓದಲ್ಲ’ ಅಂತ ಹೆದರುತ್ತಾರೆ. ಮೊದಲ ವಾರ ನಮ್ಮನೆಯಲ್ಲೂ ಹಾಗೇ ಆಯಿತು. ಆಮೇಲೆ ಕನ್ನಡದಲ್ಲಿ ಎಡವಿದಾಗ ಪಕ್ಕದ ಸಾಲು ನೋಡಿ ತಾನೇ ಸರಿ ಮಾಡಿಕೊಳ್ಳತೊಡಗಿದಳು, ನನ್ನನ್ನು ಕೇಳುವುದು ಕಡಿಮೆಯಾಯಿತು.

ಇನ್ನೊಂದು ಅಭ್ಯಾಸ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಉಳಿದಿದೆ. ರಾತ್ರಿ ಎರಡು ಪುಸ್ತಕ. ಒಂದು ಅವರು ಓದುವುದು, ಅವರ ಕಣ್ಣಿನ ಮಟ್ಟದ್ದು. ಇನ್ನೊಂದು ನಾನು ಓದುವುದು, ಅವರ ಕಿವಿಯ ಮಟ್ಟದ್ದು. ಮಗಳು ತಾನಾಗಿ ಓದುವುದು 2ನೇ ಮಟ್ಟ ಆದರೂ ನಾನು ಓದಿದರೆ 4ನೇ ಮಟ್ಟದ ಕತೆ ಕಣ್ಣರಳಿಸಿ ಕೇಳುತ್ತಾಳೆ, ನಡುವೆ ನಿಲ್ಲಿಸಿ ಜಗಳ ಆಡುತ್ತಾಳೆ, ‘ಅವಳು ಹಾಗೆ ಮಾಡಬಾರದಿತ್ತು’ ಅಂತ. ಬರೀ ಓದಬಲ್ಲ ಮಟ್ಟದ ಪುಸ್ತಕಗಳನ್ನೇ ಕೊಡುತ್ತಿದ್ದರೆ ಅವಳಿಗೆ ಕನ್ನಡ ಅಂದರೆ ಚಿಕ್ಕ ಚಿಕ್ಕ ವಾಕ್ಯದ ಚಿಕ್ಕ ಮಕ್ಕಳ ಭಾಷೆ ಅನಿಸಿಬಿಡುತ್ತಿತ್ತೇನೋ. ನಾಲ್ಕನೇ ಮಟ್ಟದ ಪುಸ್ತಕ ಕೊಳ್ಳೋಕೆ ಮಗು ಅಷ್ಟು ಓದುವವರೆಗೆ ಕಾಯಬೇಡಿ.

ಸ್ಟೋರಿವೀವರ್ ಬಳಸುವವರಿಗೆ ಒಂದಿಷ್ಟು ಮಾತು. ಭಾಷೆ ಕನ್ನಡ ಅಂತ ಆರಿಸಿ, ಆಮೇಲೆ ಮಟ್ಟ, ಆಮೇಲೆ ವಿಷಯ. ಅಲ್ಲಿ ಯಾರು ಬೇಕಾದರೂ ಕತೆ ಬರೆಯಬಹುದು, ಅನುವಾದಿಸಬಹುದು. ಇದು ಅದರ ದೊಡ್ಡ ಗುಣ, ಇದರಿಂದಲೇ ಇಷ್ಟೊಂದು ಭಾಷೆಗಳಲ್ಲಿ ಇಷ್ಟೊಂದು ಕತೆ ಆಗಿವೆ. ಆದರೆ ಆರಿಸುವಾಗ ಪ್ರಕಾಶಕರು ಯಾರು, ಅನುವಾದ ಯಾರದ್ದು ಅಂತ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಪ್ರತಿ ಪುಸ್ತಕದ ಕೊನೆಯಲ್ಲಿ ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರ ಹೆಸರು ಇರುತ್ತೆ. ಮಗುವಿಗೆ ಕೊಡುವ ಮೊದಲು ನೀವು ಜೋರಾಗಿ ಒಂದು ಸಲ ಓದಿ. ನಾಲಿಗೆ ತೊಡರಿದರೆ, ‘ಹೀಗೆ ಯಾರು ಮಾತಾಡ್ತಾರೆ?’ ಅನಿಸಿದರೆ ಮುಂದಿನದಕ್ಕೆ ಹೋಗಿ. ಒಳ್ಳೆಯ ಅನುವಾದದಲ್ಲಿ ಮಕ್ಕಳು ಮಕ್ಕಳ ಥರ ಮಾತಾಡುತ್ತಾರೆ. ನಾದಿನಿ ಮಗಳು ಒಂದು ದಿನ ಕೇಳಿದಳು, ‘ಅತ್ತೆ, ಪುಸ್ತಕದಲ್ಲಿ ಎಲ್ಲರೂ ಬೆಂಗಳೂರಿನವರ ಥರ ಯಾಕೆ ಮಾತಾಡ್ತಾರೆ?’ ಅಂತ. ಶಿರಸಿ, ಧಾರವಾಡ, ಕಲಬುರಗಿ, ಕುಂದಾಪುರದ ಮಾತು ಸಂಭಾಷಣೆಯಲ್ಲಾದರೂ ಇರುವ ಮಕ್ಕಳ ಪುಸ್ತಕಗಳು ನಮಗೆ ಇನ್ನೂ ಜಾಸ್ತಿ ಬೇಕು. ಕೆಲವು ಪುಸ್ತಕಗಳಿಗೆ ಓದಿ ಹೇಳುವ ದನಿಯೂ ಇದೆ, ಓದುತ್ತಾ ಹೋದಂತೆ ಪದಕ್ಕೆ ಬಣ್ಣ ಬರುತ್ತೆ. ಮನೆಯಲ್ಲಿ ಕನ್ನಡ ಓದಿ ಹೇಳುವವರು ಇಲ್ಲದ ಹೊರದೇಶದ ಮಕ್ಕಳಿಗೆ ಅದು ತುಂಬ ಒಳ್ಳೆಯದು.

ಫೋನಿನಲ್ಲಿ ಓದಿಸುವುದು ಮಾತ್ರ ನಮ್ಮನೆಯಲ್ಲಿ ನಡೆಯಲಿಲ್ಲ. ಎರಡು ಪುಟ ಆಗುವಷ್ಟರಲ್ಲಿ ಬೆರಳು ಆಟದ ಕಡೆ ಹೋಗುತ್ತೆ. ಪಿಡಿಎಫ್ ಇಳಿಸಿ, ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪಿನ್ ಹೊಡೆದು ಕೊಟ್ಟೆ. ಕಪ್ಪು ಬಿಳುಪಿನಲ್ಲಿ ಹಾಕಿಸಿದ್ದಕ್ಕೆ ಮಗ ಬಣ್ಣ ತುಂಬಿದ, ಅವನಿಗೆ ಆ ಪುಸ್ತಕ ಇನ್ನೂ ಪ್ರೀತಿಯದ್ದಾಯಿತು. ತುಂಬ ಇಷ್ಟವಾದವನ್ನು ಅಚ್ಚಿನ ಪುಸ್ತಕವಾಗಿಯೇ ಕೊಂಡೆವು.

ಅಚ್ಚಿನ ಪುಸ್ತಕ ಕೊಳ್ಳುವಾಗ, ಯಾರದ್ದೇ ಪ್ರಕಾಶನ ಆಗಲಿ, ನಾನು ನೋಡುವ ಒಂದು ವಿಷಯವನ್ನು ಯಾರೂ ಹೇಳಿದ್ದು ಕೇಳಿಲ್ಲ. ಸಾಲುಗಳ ನಡುವಿನ ಜಾಗ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಹತ್ತುತ್ತೆ. ಜಾಗ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತೆ. ದೊಡ್ಡವರಿಗೆ ಗೊತ್ತೇ ಆಗಲ್ಲ, ಮಗುವಿಗೆ ಅದು ಕಾಡು. ಅಲಂಕಾರದ ಅಕ್ಷರವೂ ಹಾಗೇ. ದ ಮತ್ತು ಧ, ಬ ಮತ್ತು ಭ ನಡುವೆ ಇರುವುದು ಒಂದು ಸಣ್ಣ ಸೀಳು, ಬಾಗಿಸಿ ಬಳುಕಿಸಿ ಬರೆದ ಅಕ್ಷರದಲ್ಲಿ ಅದೇ ಕಾಣೆಯಾಗುತ್ತೆ. ಪ ಮತ್ತು ವ ಕೂಡ ಅಷ್ಟೇ. ನಾನು ಮೊದಲು ತಂದ ಆ ಹೊಳೆಯುವ ಕಟ್ಟಿನಲ್ಲಿ ಬಣ್ಣದ ಚಿತ್ರದ ಮೇಲೇ ಹಳದಿ ಅಕ್ಷರ ಹಾಕಿದ್ದರು. ಓದಲು ಕಲಿಯುವ ಮಗುವಿಗೆ ಬಿಳಿ ಕಾಗದ, ಕಪ್ಪು ಅಕ್ಷರ, ಸಾಲಿಗೂ ಸಾಲಿಗೂ ಬೆರಳು ಹಿಡಿಯುವಷ್ಟು ಜಾಗ, ಇದಕ್ಕಿಂತ ಬೇರೆ ಸಿಂಗಾರ ಬೇಡ. ಪ್ರಥಮ್ ಬುಕ್ಸ್‌ನ ಪುಸ್ತಕಗಳನ್ನು ನಾನು ಮತ್ತೆ ಮತ್ತೆ ಕೊಳ್ಳಲು ಬೆಲೆಯಷ್ಟೇ ಕಾರಣ ಇದೂ ಹೌದು, ಮಗನ ಬೆರಳು ಸಾಲು ತಪ್ಪುವುದಿಲ್ಲ.

ಮನೆಯಲ್ಲಿ ಒಂದೇ ಪ್ರಕಾಶನದ ಪುಸ್ತಕ ಸಾಲದು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯದ ಮಾಲೆ ಕನ್ನಡದಲ್ಲೂ ಇದೆ, ಹಳೆಯ ಮುದ್ರಣಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ನವಕರ್ನಾಟಕದವರ ವಿಜ್ಞಾನ ಪುಸ್ತಕಗಳು 3, 4ನೇ ಮಟ್ಟ ದಾಟಿದ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತವೆ. ಊರಲ್ಲಿದ್ದರೆ ಪಂಚಾಯಿತಿ ಗ್ರಂಥಾಲಯ ಮರೆಯಬೇಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾರೆ. ನಾದಿನಿ ಮಗಳ ಓದು ಹೆಚ್ಚಿದ್ದೇ ಅಲ್ಲಿಂದ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಒಳಗೇ ಮಕ್ಕಳ ಗ್ರಂಥಾಲಯ ಇದೆ.

ಕೊರತೆ ಎಲ್ಲಿ ಅಂತ ಕೇಳಿದರೆ 4ನೇ ಮಟ್ಟ ಆದಮೇಲೆ. ಹನ್ನೊಂದು, ಹನ್ನೆರಡಕ್ಕೆ ಬಂದ ಮಗು, ಚಿತ್ರ ಕಡಿಮೆ ಇರುವ, ನೂರು ನೂರೈವತ್ತು ಪುಟದ ಕನ್ನಡ ಕಾದಂಬರಿ ಕೇಳಿದರೆ ಎಷ್ಟು ಹುಡುಕಬೇಕು! ಇಂಗ್ಲಿಷಿನಲ್ಲಿ ಆ ವಯಸ್ಸಿಗೆ ಕಪಾಟುಗಟ್ಟಲೆ ಇದೆ. ನಮ್ಮಲ್ಲಿ ಮಕ್ಕಳ ಕತೆಯಿಂದ ನೇರ ದೊಡ್ಡವರ ಕಾದಂಬರಿಗೆ ಹಾರಬೇಕು, ಆ ಹಾರಾಟದಲ್ಲಿ ಎಷ್ಟೋ ಮಕ್ಕಳು ಆಚೆ ದಡ ಸೇರಲ್ಲ. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ವಯಸ್ಸಿನವರಿಗೆ ಬರೆಯಿರಿ, ನಾವು ಕೊಳ್ಳುತ್ತೇವೆ.

ಈಗ ಮಗಳು 2 ಮುಗಿಸಿ 3ಕ್ಕೆ ಕೈ ಹಾಕಿದ್ದಾಳೆ. ಒಂದು ಸಲ ಹಿಂದಕ್ಕೂ ಬಂದಳು, ಪರೀಕ್ಷೆ ಮುಗಿದು ಸುಸ್ತಾಗಿದ್ದಾಗ ತಮ್ಮನ 1ನೇ ಮಟ್ಟದ ಪುಸ್ತಕ ತೆಗೆದುಕೊಂಡು ಅವನಿಗೆ ಓದಿ ಹೇಳಿದಳು, ನಾಯಿಗೆ ಒಂದು ದನಿ, ಬೆಕ್ಕಿಗೆ ಒಂದು ದನಿ ಮಾಡಿ. ನಾನು ತಡೆಯಲಿಲ್ಲ. ದಸರಾ ರಜೆಗೆ ನಾದಿನಿ ಮಗಳು ಬರುತ್ತಾಳೆ, ಅವಳಿಗೆ 4ನೇ ಮಟ್ಟದ್ದು ನಾಲ್ಕು ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಅದರಲ್ಲಿ ಒಂದನ್ನು ಮಗಳು ಆಗಲೇ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ, ಅರ್ಕಾವೊತ್ತು ಇರುವ ಪದಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಕೊಂಡು.